ಸೆಕೆಂಡ್ ಹ್ಯಾಂಡ್ ಝೂಮ್ ಲೆನ್ಸ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಝೂಮ್ ಲೆನ್ಸಿನ ಬೆಲೆ ನೋಡಿ ಸುಸ್ತಾಗಿ ಹಳೆಯದರತ್ತ ತಿರುಗಿದವರು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಅರ್ಧ ಓದಿ ತಿಳಿದದ್ದು, ಇನ್ನರ್ಧ ಕೈ ಸುಟ್ಟುಕೊಂಡು ತಿಳಿದದ್ದು.

ಹಳೆಯ ಲೆನ್ಸಿಗೆ ದುಡ್ಡು ಹಾಕುವುದು ಸರಿಯೇ? ಕ್ಯಾಮೆರಾದ ಹಾಗೆ ಅದೂ ಹಳತಾಗುವುದಿಲ್ಲವೇ?

ಕ್ಯಾಮೆರಾ ಬಾಡಿ ಹಳತಾಗುವ ವೇಗಕ್ಕೂ ಲೆನ್ಸ್ ಹಳತಾಗುವ ವೇಗಕ್ಕೂ ಹೋಲಿಕೆಯೇ ಇಲ್ಲ. ಸೆನ್ಸರ್, ಪ್ರೊಸೆಸರ್ ಎಲ್ಲ ಕೆಲವೇ ವರ್ಷಗಳಲ್ಲಿ ಹಿಂದೆ ಬೀಳುತ್ತವೆ. ಗಾಜು ಹಾಗಲ್ಲ. ಒಣ ಜಾಗದಲ್ಲಿ ಇಟ್ಟಿದ್ದರೆ ಇಪ್ಪತ್ತು ವರ್ಷದ ಹಿಂದೆ ಎಂಥ ಚಿತ್ರ ಕೊಡುತ್ತಿತ್ತೋ ಇವತ್ತೂ ಅಂಥದ್ದೇ ಕೊಡುತ್ತದೆ. ಸವೆಯುವುದು ಅಲುಗಾಡುವ ಭಾಗಗಳು: ಒಳಗಿನ ನಳಿಗೆಗಳು, ಅವು ಜಾರುವ ಜಾಡುಗಳು, ಫೋಕಸ್ ಮೋಟರ್, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳು, ಝೂಮ್ ತಿರುಗಿಸಿದಾಗಲೆಲ್ಲ ಮಡಚಿ ಬಿಚ್ಚಿಕೊಳ್ಳುವ ಪಟ್ಟಿ ಕೇಬಲ್ಲು. ಝೂಮ್ ಲೆನ್ಸಿನಲ್ಲಿ ಇವೇ ಜಾಸ್ತಿ. 50 ಎಂಎಂ ಪ್ರೈಮ್ (ಝೂಮ್ ಆಗದ ಲೆನ್ಸ್) ಕೊಳ್ಳುವವರು ಗಾಜು ನೋಡಿ ಕೊಂಡರೂ ನಡೆದೀತು. ಝೂಮ್ ಕೊಳ್ಳುವವರು ಮೊದಲು ಯಂತ್ರ ನೋಡಬೇಕು, ಆಮೇಲೆ ಗಾಜು.

ನನ್ನ ಕ್ಯಾಮೆರಾಗೆ ಹೊಂದುತ್ತದೆ ಅಂತ ಹೇಗೆ ತಿಳಿಯುವುದು? ಕಂಪನಿ ಒಂದೇ ಆದರೆ ಸಾಲದೇ?

ಸಾಲದು. ಹೆಚ್ಚಿನವರು ಎಡವುವುದೇ ಇಲ್ಲಿ. "ಕ್ಯಾನನ್ ಲೆನ್ಸ್" ಎಂಬ ಮಾತಿಗೆ ಅರ್ಥವೇ ಇಲ್ಲ. ಯಾವ ಮೌಂಟ್ (ಲೆನ್ಸ್ ಬಾಡಿಗೆ ಸಿಕ್ಕಿಕೊಳ್ಳುವ ಜಾಗ) ಎಂದು ಕೇಳಿ. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಿತು. ಅದಕ್ಕೂ ಹಿಂದಿನ ಎಫ್‌ಡಿ ಲೆನ್ಸುಗಳು ಇಎಫ್ ಬಾಡಿಗಳಿಗೆ ಕೂರುವುದಿಲ್ಲ. 2003ರಲ್ಲಿ ಬಂದ ಇಎಫ್-ಎಸ್ ಲೆನ್ಸುಗಳು ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರಿನ, ಬಾಡಿಗಳಿಗಷ್ಟೇ. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಇಎಫ್ ಬಾಡಿಗೆ ಅವು ಸಿಕ್ಕಿಕೊಳ್ಳುವುದೇ ಇಲ್ಲ. 2018ರ ಆರ್‌ಎಫ್ ಮೌಂಟಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿ ನಿಮ್ಮಲ್ಲಿದ್ದರೆ ಇಎಫ್ ಮತ್ತು ಇಎಫ್-ಎಸ್ ಎರಡನ್ನೂ ಅಡಾಪ್ಟರ್ ಮೂಲಕ ಹಾಕಬಹುದು, ಆಟೋಫೋಕಸ್ ಕೂಡ ಚೆನ್ನಾಗಿ ನಡೆಯುತ್ತದೆ. ಅಗ್ಗದ ಇಎಫ್ ಝೂಮ್ ಹುಡುಕುವವರಿಗೆ ಇದು ಹಬ್ಬ.

ನಿಕಾನ್ ಕಥೆ ಇನ್ನೂ ಗೋಜಲು. ಎಫ್ ಮೌಂಟ್ 1959ರಿಂದ ಇದೆ. ಹಾಗಾಗಿ ಕೂರುವುದೇನೋ ಬಹುಮಟ್ಟಿಗೆ ಕೂರುತ್ತದೆ. ಕೂತ ಮೇಲೆ ಏನು ಕೆಲಸ ಮಾಡುತ್ತದೆ ಎಂಬುದು ಪ್ರಶ್ನೆ. ಎಎಫ್-ಡಿ ಮಾದರಿಯ ಲೆನ್ಸುಗಳಲ್ಲಿ ಮೋಟರ್ ಇಲ್ಲ. ಬಾಡಿಯ ಮೋಟರೇ ಒಂದು ತಿರುಪಿನ ಮೂಲಕ ಅವನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟರೇ ಇಲ್ಲ, ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಝಡ್ ಮಿರರ್‌ಲೆಸ್‌ಗೆ ನಿಕಾನ್ ಕೊಡುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಹೊಸ ಎಎಫ್-ಪಿ ಲೆನ್ಸುಗಳದ್ದು ತದ್ವಿರುದ್ಧ ತೊಂದರೆ: ಡಿ90, ಡಿ7000ದಂಥ ಹಳೆಯ ಬಾಡಿಗಳಲ್ಲಿ ಅವು ಫೋಕಸ್ಸೇ ಮಾಡುವುದಿಲ್ಲ, ಕೈಯಲ್ಲೂ ಆಗದು. ಅಂದರೆ ಲೆನ್ಸ್ ತೀರಾ ಹಳತಾದರೂ ಕಷ್ಟ, ತೀರಾ ಹೊಸದಾದರೂ ಕಷ್ಟ.

ಟ್ಯಾಮ್ರಾನ್, ಸಿಗ್ಮಾ ಲೆನ್ಸುಗಳಲ್ಲಿ ಒಂದೇ ಹೆಸರಿನಡಿ ಎರಡು ಅವತಾರ ಇರುವುದುಂಟು. ಟ್ಯಾಮ್ರಾನ್ 17-50 ಎಫ್/2.8 ಮೊದಲ ಬಾರಿ ನಿಕಾನ್‌ಗೆ ಬಂದಾಗ ಅದರಲ್ಲಿ ಮೋಟರ್ ಇರಲಿಲ್ಲ, ಆಮೇಲೆ ಸೇರಿಸಿದರು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಜವಳಿ. ಮೌಂಟಿನ ಅಂಚಿನಲ್ಲಿ ಸಣ್ಣ ತಿರುಪು ಕಂಡರೆ ಅದು ಮೋಟರಿಲ್ಲದ್ದು. ಫಿಲ್ಮ್ ಕಾಲದ ಕೆಲವು ಸಿಗ್ಮಾ ಇಎಫ್ ಲೆನ್ಸುಗಳು ಕ್ಯಾನನ್ ಡಿಜಿಟಲ್ ಬಾಡಿಗಳಲ್ಲಿ ಎರರ್ ತೋರಿಸಿ ನಿಂತುಬಿಡುತ್ತವೆ. ಅಪರ್ಚರ್ ಪೂರ್ತಿ ತೆರೆದಿದ್ದಾಗ ಮಾತ್ರ ಕ್ಲಿಕ್ ಆಗುತ್ತದೆ. "ಚೆನ್ನಾಗಿ ಕೆಲಸ ಮಾಡುತ್ತದೆ" ಎಂದು ಮಾರುವವರು ಹೇಳಿದರೆ "ಯಾವ ಬಾಡಿಯಲ್ಲಿ?" ಎಂದು ಮರುಪ್ರಶ್ನೆ ಹಾಕಿ.

ಎಷ್ಟರಿಂದ ಎಷ್ಟು ಎಂಎಂ ಬೇಕು?

ನೀವು ಈಗಾಗಲೇ ತೆಗೆದ ಫೋಟೋಗಳನ್ನೇ ಕೇಳಿ. ಪ್ರತಿ ಫೋಟೋ ಫೈಲಿನಲ್ಲೂ ಫೋಕಲ್ ಲೆಂತ್ (ಎಷ್ಟು ಎಂಎಂನಲ್ಲಿ ತೆಗೆದದ್ದು) ದಾಖಲಾಗಿರುತ್ತದೆ. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸಿನಲ್ಲಿ ತೆಗೆದ ಇನ್ನೂರು ಚಿತ್ರ ತೆರೆದು ನೋಡಿ. ಅರ್ಧಕ್ಕರ್ಧ 55ರಲ್ಲಿ ಗೋಡೆಗೆ ಒರಗಿದಂತೆ ನಿಂತಿದ್ದರೆ ನಿಮಗೆ ಬೇಕಿರುವುದು ದೂರದ್ದನ್ನು ಹತ್ತಿರ ತರುವ ಟೆಲಿ ಝೂಮ್. 18ರಲ್ಲೇ ಗುಂಪುಗಟ್ಟಿದ್ದರೆ ಹೆಚ್ಚು ಅಗಲ ಹಿಡಿಯುವ ವೈಡ್. ಎರಡೂ ಅಲ್ಲದೆ ನಡುವೆಯೇ ಓಡಾಡಿದ್ದರೆ ನಿಮಗೆ ಹೊಸ ಲೆನ್ಸೇ ಬೇಕಾಗಿಲ್ಲ ಎಂಬ ಸಾಧ್ಯತೆಯೂ ಇದೆ.

ಸೆನ್ಸರಿನ ಲೆಕ್ಕ ಮರೆಯಬೇಡಿ: ಚಿಕ್ಕ ಸೆನ್ಸರಿನಲ್ಲಿ ನೋಟ ಕಿರಿದಾಗಿ, ಲೆನ್ಸಿನ ಎಂಎಂ ಇಷ್ಟು ಪಟ್ಟು ಹೆಚ್ಚಾದಂತೆ ಕಾಣುತ್ತದೆ. ನಿಕಾನ್, ಸೋನಿ, ಫ್ಯೂಜಿ, ಪೆಂಟ್ಯಾಕ್ಸ್ ಕ್ರಾಪ್ ಬಾಡಿಗಳಲ್ಲಿ ಸುಮಾರು 1.5 ಪಟ್ಟು, ಕ್ಯಾನನ್ನಿನಲ್ಲಿ 1.6, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2. ಫುಲ್ ಫ್ರೇಮಿನವರು ಮೆಚ್ಚಿಕೊಂಡ 24-70 ನಿಮ್ಮ 1.5 ಪಟ್ಟಿನ ಕ್ರಾಪ್ ಬಾಡಿಯಲ್ಲಿ 36-105ರಷ್ಟು ನೋಟ ಕೊಡುತ್ತದೆ. ಕೋಣೆಯೊಳಗೆ ನಾಲ್ಕು ಜನರನ್ನು ನಿಲ್ಲಿಸಿ ತೆಗೆಯಲು ಹೋದರೆ ಬೆನ್ನು ಗೋಡೆಗೆ ಬಡಿಯುತ್ತದೆ.

ಎಫ್/2.8 ಬೇಕೇ? ಎಫ್/4 ಅಥವಾ ಎಫ್/5.6 ಸಾಕೇ?

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು. ಎಫ್/2.8 ಅಂದರೆ ಎಫ್/4ರ ಎರಡರಷ್ಟು ಬೆಳಕು, ಎಫ್/5.6ರ ನಾಲ್ಕರಷ್ಟು. ಅದಕ್ಕೆ ತೆರುವ ಬೆಲೆ ಬರೀ ದುಡ್ಡಲ್ಲ, ತೂಕವೂ ಹೌದು. 200 ಎಂಎಂನಲ್ಲಿ ಎಫ್/2.8 ಬೇಕೆಂದರೆ ಬೆಳಕು ಒಳಬರುವ ಕಿಂಡಿ ಸುಮಾರು 71 ಎಂಎಂ ಅಗಲವಿರಬೇಕು. ಎಫ್/4ಕ್ಕೆ 50 ಸಾಕು. ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇಲ್ಲದ ಕ್ಯಾನನ್ 70-200 ಎಫ್/4 ತೂಗುವುದು 705 ಗ್ರಾಂ, ಅದರಣ್ಣ ಎಫ್/2.8 ತೂಗುವುದು 1,310 ಗ್ರಾಂ. ದಿನವಿಡೀ ಕೊರಳಿಗೆ ನೇತುಹಾಕಿಕೊಂಡು ತಿರುಗಿದವರಿಗೆ ಈ 605 ಗ್ರಾಂ ಏನೆಂದು ಗೊತ್ತು.

ಒಳಾಂಗಣ ಕ್ರೀಡೆ, ರಂಗಮಂದಿರ, ಮುಸ್ಸಂಜೆಯ ಪ್ರಾಣಿಗಳು: ಇಂಥವು ನಿಮ್ಮ ವಿಷಯವಾಗಿದ್ದರೆ ಎಫ್/2.8 ಹುಡುಕಿ. ಉಳಿದವರಿಗೆ ಎಫ್/4ರ ಹಳೆಯ ಝೂಮ್ ಒಂದು ವರ. ಹಗಲಲ್ಲೇ ಓಡಾಡುವವರಿಗೆ ಎಫ್/5.6ವರೆಗೂ ಚಿಂತೆಯಿಲ್ಲ, ಇವತ್ತಿನ ಸೆನ್ಸರುಗಳು ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) 3200ಕ್ಕೆ ಬೆದರುವುದಿಲ್ಲ.

18-300 ಥರದ್ದು ಒಂದೇ ತಗೊಂಡರೆ ಎಲ್ಲಕ್ಕೂ ಆಗುವುದಿಲ್ಲವೇ?

ಪ್ರವಾಸಕ್ಕೆ ಆಗುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ನನಗೆ ಇವುಗಳ ಮೇಲೆ ಅನುಮಾನ. ನಳಿಗೆಯೊಳಗೆ ನಳಿಗೆ ಕೂಡಿಸಿ ಉದ್ದಕ್ಕೆ ಚಾಚುವ ಲೆನ್ಸಿದು. ಸವೆತ ಮೊದಲು ಕಾಣಿಸುವುದೇ ಇಲ್ಲಿ. ಜೊತೆಗೆ, ಇದನ್ನು ಕೊಂಡವರು ಬೇರೆ ಲೆನ್ಸ್ ಹಾಕಿರುವುದಿಲ್ಲ, ಇಟ್ಟ ಕ್ಲಿಕ್ಕೆಲ್ಲ ಇದರಲ್ಲೇ. ಅದೇ ದುಡ್ಡಿಗೆ ಕಿಟ್ ಲೆನ್ಸಿನ ಜೊತೆಗೊಂದು 55-250 ಬಂದೀತು.

ಒಳಗೆ ಧೂಳು ಕಾಣುತ್ತಿದೆ. ಬೇಡ ಅನ್ನಲೇ?

ಧೂಳಿಗೆ ಹೆದರಬೇಡಿ. ಉದ್ದವಾಗುವ ಝೂಮ್ ಪ್ರತಿ ಸಲ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳು ಬರುತ್ತದೆ. ಹತ್ತಿಪ್ಪತ್ತು ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಹತ್ತು ವರ್ಷದ ಝೂಮಿನೊಳಗೆ ಒಂದು ಕಣವೂ ಇಲ್ಲದಿದ್ದರೆ ನಾನು ಇನ್ನಷ್ಟು ಹುಷಾರಾಗುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಫಂಗಸ್ ಇದೆಯೇ ಎಂದು ಹೇಗೆ ಗುರುತಿಸುವುದು?

ಮೊಬೈಲಿನ ಟಾರ್ಚ್ ಸಾಕು. ಎರಡೂ ಕ್ಯಾಪ್ ತೆಗೆದು, ಒಂದು ತುದಿಯಿಂದ ಬೆಳಕನ್ನು ಓರೆಯಾಗಿ ಬಿಟ್ಟು, ಇನ್ನೊಂದು ತುದಿಯಿಂದ ಒಳಗೆ ಇಣುಕಿ. ನಿಕಾನ್ ಎಫ್ ಲೆನ್ಸಾದರೆ ಹಿಂಭಾಗದ ಪುಟ್ಟ ಸನ್ನೆಕೋಲನ್ನು ಬೆರಳಿನಿಂದ ತಳ್ಳಿ ಹಿಡಿದು ಅಪರ್ಚರ್ ತೆರೆಯಬೇಕು. ಝೂಮನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನ ತಿರುಗಿಸುತ್ತ ನೋಡಿ. ಗಾಜಿನ ಗುಂಪುಗಳು ಸರಿದಂತೆ ಮರೆಯಾಗಿದ್ದದ್ದು ಕಾಣಿಸಿಕೊಳ್ಳುತ್ತದೆ.

ಧೂಳು ಚುಕ್ಕೆಯಾಗಿ ಕಾಣುತ್ತದೆ. ಫಂಗಸ್ ಎಳೆಯಾಗಿ ಕಾಣುತ್ತದೆ: ಜೇಡರ ಬಲೆಯ ಹಾಗೆ, ಇಲ್ಲವೇ ಮರದ ಬೇರು ಕವಲೊಡೆದ ಹಾಗೆ, ಸಾಮಾನ್ಯವಾಗಿ ಅಂಚಿನಿಂದ ಶುರುವಾಗಿ ನಡುವಿನತ್ತ ಹಬ್ಬಿರುತ್ತದೆ. ಇವೆರಡೂ ಅಲ್ಲದೆ ಇಡೀ ಗಾಜು ಹಬೆ ಕಟ್ಟಿದಂತೆ ಮಂಕಾಗಿದ್ದರೆ ಅದು ಹೇಜ್; ಒಳಗಿನ ಗ್ರೀಸ್ ಆವಿಯಾಗಿ ಗಾಜಿಗೆ ಅಂಟಿರುವುದು ಇದಕ್ಕೆ ಒಂದು ಕಾರಣ. ಬೆಳಕಿಗೆ ಎದುರಾಗಿ ತೆಗೆದ ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಡುತ್ತಿದೆ ಎಂದರ್ಥ. ಅಗ್ಗದ ಲೆನ್ಸಿನಲ್ಲಿ ಅದನ್ನು ಸರಿಮಾಡಿಸುವ ಮಾತೇ ಇಲ್ಲ.

ಫಂಗಸ್ ಸ್ವಲ್ಪವೇ ಇದ್ದರೆ? ಬಿಸಿಲಿಗಿಟ್ಟರೆ ಹೋಗುತ್ತದಂತಲ್ಲ?

ಬಿಸಿಲಿನ ಅತಿನೇರಳೆ ಕಿರಣ ಫಂಗಸ್ಸನ್ನು ಕೊಂದರೂ ಕೊಲ್ಲಬಹುದು, ಅದು ತಿಂದ ಕೋಟಿಂಗನ್ನು ವಾಪಸ್ ತರುವುದಿಲ್ಲ. ಸತ್ತ ಎಳೆ ಅಲ್ಲೇ ಉಳಿಯುತ್ತದೆ, ಒರೆಸಿ ತೆಗೆದರೂ ಕೆಳಗೆ ಕೆತ್ತಿದಂಥ ಗುರುತು ಕಾಣಬಹುದು. ಹಳೆಯ ಪ್ರೈಮ್ ಲೆನ್ಸ್ ಬಿಚ್ಚಿ ಒರೆಸುವ ಹವ್ಯಾಸಿಗಳಿದ್ದಾರೆ. ಹದಿನೈದು ಗಾಜಿನ ಝೂಮ್ ಬಿಚ್ಚಿ ಮೊದಲಿನಂತೆ ಜೋಡಿಸುವುದು ಹವ್ಯಾಸಿಯ ಕೆಲಸವಲ್ಲ. ಫಂಗಸ್ ಇರುವ ಝೂಮ್ ಪುಕ್ಕಟೆ ಕೊಟ್ಟರೂ ಬೇಡ ಎಂಬುದು ನನ್ನ ಪಕ್ಷ.

ಪಕ್ಕದ ಲೆನ್ಸಿಗೆ ಹರಡುತ್ತದೆಯೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಫಂಗಸ್ಸಿನ ಬೀಜಾಣು ಗಾಳಿಯಲ್ಲಿ ಎಲ್ಲೆಡೆ ಇದ್ದೇ ಇದೆ. ಅದು ಮೊಳೆಯುವುದು ತೇವಕ್ಕೆ. ಆದರೂ ಒಂದೇ ಬ್ಯಾಗಿನಲ್ಲಿ ಇಡಲು ನನಗಂತೂ ಮನಸ್ಸು ಬರುವುದಿಲ್ಲ.

ಮುಂದಿನ ಗಾಜಿನ ಮೇಲೆ ಗೀರು ಇದೆ.

ಹಿಂದಿನ ಗಾಜು ನೋಡಿ. ಮುಂಭಾಗದ ಒಂದೆರಡು ಸಣ್ಣ ಗೀರು ಚಿತ್ರದಲ್ಲಿ ಕಾಣುವುದು ಅಪರೂಪ. ಬೆಲೆ ಇಳಿಸಲು ಒಳ್ಳೆಯ ನೆಪ. ಸೆನ್ಸರಿಗೆ ಹತ್ತಿರವಿರುವ ಹಿಂಭಾಗದ ಗೀರು ಚಿತ್ರಕ್ಕೆ ಮಾಡುವ ಹಾನಿ ಹೆಚ್ಚು.

ಲೆನ್ಸ್ ಕೈಗೆ ಬಂದಿದೆ. ಏನೇನು ನೋಡಲಿ?

ಮೊದಲು ಕಣ್ಣು ಬೇಡ, ಕೈ ಮತ್ತು ಕಿವಿ ಸಾಕು. ಝೂಮ್ ರಿಂಗನ್ನು ಕೊನೆಯಿಂದ ಕೊನೆಗೆ ನಾಲ್ಕೈದು ಸಲ ತಿರುಗಿಸಿ. ಬಿಗಿ ಎಲ್ಲೆಡೆ ಒಂದೇ ಸಮ ಇರಬೇಕು. ನಡುವೆ ಒಂದು ಕಡೆ ತಡೆದು ಕಟಕ್ಕೆಂದು ಮುಂದೆ ಹೋದರೆ ಒಳಗಿನ ಜಾಡು ಡೊಂಕಾಗಿದೆ, ಲೆನ್ಸ್ ಎಂದೋ ಬಿದ್ದಿದೆ. ಮರಳು ಉಜ್ಜಿದಂಥ ಕರಕರ ಕೇಳಿಸಿದರೆ ನಿಜವಾಗಿಯೂ ಮರಳೇ ಇರಬಹುದು. ಪೂರ್ತಿ ಚಾಚಿ, ಮುಂದಿನ ನಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗು ಎಲ್ಲದರಲ್ಲೂ ಇರುತ್ತದೆ. ಸಡಿಲ ಹಲ್ಲಿನ ಹಾಗೆ ಆಡಿದರೆ ಬಿಡಿ. ಮೂತಿ ಕೆಳಗೆ ಮಾಡಿದಾಗ ನಳಿಗೆ ತಾನಾಗಿ ಜಾರುವುದು ದೊಡ್ಡ ದೋಷವಲ್ಲ, ಟ್ರೈಪಾಡಿನ ಮೇಲೆ ಕಿರಿಕಿರಿ ಅಷ್ಟೇ.

ಫಿಲ್ಟರ್ ಹಾಕುವ ಅಂಚಿನಲ್ಲಿ ನಗ್ಗು ಇದ್ದರೆ ಅದು ಬಿದ್ದ ಲೆನ್ಸ್. ಮೌಂಟ್ ಪ್ಲಾಸ್ಟಿಕ್ ಆಗಿದ್ದರೆ ಚಿಂತೆಯಿಲ್ಲ, ಬಿರುಕು ಬಿಟ್ಟಿರಬಾರದು. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಮಿಂಚು ಇರಬಾರದು; ನಿಕಾನಿನ ಸನ್ನೆಕೋಲು ತಳ್ಳಿ ಬಿಟ್ಟಾಗ ಎಲೆಗಳು ಪಟಕ್ಕನೆ ಮುಚ್ಚಬೇಕು, ಸೋಮಾರಿಯಂತೆ ತೆವಳಿದರೆ ಚಿತ್ರಗಳು ಅತಿ ಬೆಳಕಾಗುತ್ತವೆ.

ಕೊನೆಗೆ ಸ್ಕ್ರೂಗಳು. ಮೌಂಟಿನ ಸುತ್ತ ಇರುವ ಪುಟ್ಟ ಸ್ಕ್ರೂಗಳ ತಲೆಯನ್ನು ಟಾರ್ಚ್ ಹಿಡಿದು ನೋಡಿ. ನಾನು ಕೊಂಡ ಮೊದಲ ಸೆಕೆಂಡ್ ಹ್ಯಾಂಡ್ ಝೂಮ್ ಒಂದು 70-300. ಒಳಗೆ ಒಂದು ಕಣ ಧೂಳಿಲ್ಲ, ಗಾಜು ತೊಳೆದಿಟ್ಟ ಹಾಗೆ ಫಳಫಳ. ಖುಷಿಯಿಂದ ಮರುಮಾತಿಲ್ಲದೆ ಕೊಂಡೆ. ಮನೆಗೆ ಬಂದು ನೋಡಿದರೆ 200 ದಾಟಿದ ಕೂಡಲೇ ಚಿತ್ರದ ಎಡಭಾಗ ಒದ್ದೆ ಬೆರಳಲ್ಲಿ ತೀಡಿದಂತೆ. ಬಲಭಾಗದಲ್ಲಿ ಎಲೆಯ ನರ ಎಣಿಸಬಹುದು, ಎಡಭಾಗದಲ್ಲಿ ಎಲೆಯೇ ಎಲ್ಲಿದೆ ತಿಳಿಯದು. ಆಮೇಲೆ ಮೌಂಟ್ ನೋಡಿದೆ: ನಾಲ್ಕರಲ್ಲಿ ಎರಡು ಸ್ಕ್ರೂಗಳ ತಲೆ ಕಿತ್ತು ಬೆಳ್ಳಗೆ ಹೊಳೆಯುತ್ತಿತ್ತು. ಯಾರೋ ಬಿಚ್ಚಿ, ಒರೆಸಿ, ಒಂದು ಗಾಜನ್ನು ಕೂದಲೆಳೆ ಓರೆಯಾಗಿ ಕೂರಿಸಿ ಮುಚ್ಚಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ಆ ಲೆನ್ಸಿನಿಂದ. ಒಳಗೆ ಧೂಳಿರುವ, ಯಾರೂ ಬಿಚ್ಚದ ಲೆನ್ಸನ್ನು ನಾನೀಗ ನಂಬುತ್ತೇನೆ.

ಕ್ಯಾಮೆರಾಗೆ ಹಾಕಿ ನೋಡುವಾಗ ಏನು ಮಾಡಬೇಕು?

ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಅವಸರ ಮಾಡುವವರ ಹತ್ತಿರ ಕೊಳ್ಳಬೇಡಿ.

ಗಾಜು ಓರೆಯಾಗಿದೆಯೇ ನೋಡಲು ಗೋಡೆ, ಪುಸ್ತಕದ ಸಾಲು ಎಂದೆಲ್ಲ ಹೇಳುತ್ತಾರೆ. ಆದರೆ ಕ್ಯಾಮೆರಾ ಗೋಡೆಗೆ ಸ್ವಲ್ಪ ಓರೆಯಾದರೂ ಒಳ್ಳೆಯ ಲೆನ್ಸ್ ಕೆಟ್ಟದ್ದಾಗಿ ಕಾಣುತ್ತದೆ. ಇದಕ್ಕಿಂತ ಸುಲಭದ ದಾರಿ ಇದೆ. ದೂರದ, ಗೆರೆ ಸ್ಪಷ್ಟವಾಗಿರುವ ಒಂದು ವಸ್ತು ಆರಿಸಿ. ಟವರ್ ಆದೀತು, ನೀರಿನ ಟ್ಯಾಂಕ್ ಆದೀತು. ಫ್ರೇಮಿನ ನಡುವೆ ಇಟ್ಟು ಫೋಕಸ್ ಮಾಡಿ, ಫೋಕಸನ್ನು ಮ್ಯಾನುಯಲ್‌ಗೆ ತಳ್ಳಿ ಹಾಗೇ ಬಿಡಿ. ಅಪರ್ಚರ್ ಪೂರ್ತಿ ತೆರೆದು, ಅದೇ ವಸ್ತುವನ್ನು ನಾಲ್ಕು ಮೂಲೆಗಳಿಗೂ ತಂದು ನಾಲ್ಕು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಸಮ ಮಂಕಾಗಿದ್ದರೆ ಅದು ಲೆನ್ಸಿನ ಜಾಯಮಾನ, ಎಫ್/8ಕ್ಕೆ ತಂದರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಒಂದು ಮೂಲೆ ಮಾತ್ರ ಹಾಳಾಗಿದ್ದರೆ ಅದು ರೋಗ. ವೈಡ್, ನಡು, ಟೆಲಿ ಮೂರರಲ್ಲೂ ಇದನ್ನು ಮಾಡಿ. ನನ್ನ 70-300 ನೂರರಲ್ಲಿ ಚೊಕ್ಕವಾಗಿಯೇ ಇತ್ತು.

ಆಟೋಫೋಕಸ್‌ಗೆ: ಹತ್ತಿರದ ಅಕ್ಷರವೊಂದಕ್ಕೆ ಫೋಕಸ್ ಮಾಡಿ ಕ್ಲಿಕ್ಕಿಸಿ, ರಿಂಗ್ ತಿರುಗಿಸಿ ಫೋಕಸ್ ಕೆಡಿಸಿ, ಮತ್ತೆ ಕ್ಲಿಕ್ಕಿಸಿ. ಹೀಗೆ ಹತ್ತು ಸಲ. ಡಿಎಸ್‌ಎಲ್‌ಆರ್ (ಕನ್ನಡಿಯಿರುವ) ಕ್ಯಾಮೆರಾದಲ್ಲಿ ವ್ಯೂಫೈಂಡರ್ ಮೂಲಕ ತೆಗೆದದ್ದೆಲ್ಲ ಒಂದೇ ರೀತಿ ಹಿಂದೆಯೋ ಮುಂದೆಯೋ ಬಿದ್ದು, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆ ನೋಡಿ ತೆಗೆದಾಗ) ಸರಿಯಾಗಿ ಬಂದರೆ, ಬಾಡಿಯಲ್ಲಿ ಫೋಕಸ್ ಹೊಂದಿಸುವ ಸೌಲಭ್ಯವಿದ್ದವರು ಸರಿಪಡಿಸಿಕೊಳ್ಳಬಹುದು. ಒಂದು ಸಲ ಹಾಗೆ, ಒಂದು ಸಲ ಹೀಗೆ ಬಂದರೆ ಬಿಟ್ಟುಬಿಡಿ. ಮೋಟರ್ ಕೀರಲು ದನಿ ಹೊರಡಿಸಿದರೆ ಅದರ ದಿನ ಎಣಿಸಿಕೊಂಡಂತೆ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ. ಅಪರ್ಚರನ್ನು ಎಫ್/11ಕ್ಕೆ ಇಟ್ಟು ಝೂಮಿನ ನಾಲ್ಕೈದು ಕಡೆ ಕ್ಲಿಕ್ಕಿಸಿ. ಪೂರ್ತಿ ತೆರೆದಾಗ ಎಲ್ಲ ಸರಿಯಿದ್ದು, ಕಿರಿದು ಮಾಡಿದಾಗ ಯಾವುದೋ ಒಂದು ಫೋಕಲ್ ಲೆಂತಿನಲ್ಲಿ ಮಾತ್ರ ಎರರ್ ಬಂದರೆ ಮೊದಲೇ ಹೇಳಿದ ಪಟ್ಟಿ ಕೇಬಲ್ ಹರಿಯತೊಡಗಿರುವ ಸಾಧ್ಯತೆ ಹೆಚ್ಚು.

ಸ್ಟೆಬಿಲೈಸರ್ ಇಲ್ಲದಿದ್ದರೆ ನಡೆಯುವುದಿಲ್ಲವೇ?

ಟೆಲಿ ಝೂಮಿನಲ್ಲಿ ಇರಲಿ ಅನ್ನುತ್ತೇನೆ. ಇಲ್ಲದಿದ್ದರೆ ಕ್ರಾಪ್ ಬಾಡಿಯಲ್ಲಿ 200 ಎಂಎಂಗೆ 1/300 ಸೆಕೆಂಡಿಗಿಂತ ನಿಧಾನದಲ್ಲಿ ಕೈ ನಡುಕ ಕಾಣತೊಡಗುತ್ತದೆ. ಬಾಡಿಯೊಳಗೇ ಸ್ಟೆಬಿಲೈಸರ್ ಇರುವವರು ಈ ತಲೆಬಿಸಿ ಬಿಡಬಹುದು. ಲೆನ್ಸಿನಲ್ಲಿರುವುದು ಸರಿಯಾಗಿದೆಯೇ ನೋಡಲು ಟೆಲಿ ತುದಿಯಲ್ಲಿ ಶಟರನ್ನು ಅರ್ಧ ಒತ್ತಿ: ಸಣ್ಣ ಗುಂಯ್ ಸದ್ದಿನೊಂದಿಗೆ ಚಿತ್ರ ತೇಲಿ ನಿಲ್ಲಬೇಕು. ನಿಲ್ಲುವ ಬದಲು ಕುಪ್ಪಳಿಸಿದರೆ ಕೆಟ್ಟಿದೆ.

ನೇರ ನೋಡದೆ, ಫೋಟೋ ನೋಡಿ ಆನ್‌ಲೈನ್‌ನಲ್ಲಿ ಕೊಳ್ಳಬಹುದೇ?

ವಾಪಸ್ ಕೊಡುವ ಅವಕಾಶ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಬೇಡ, ಈ ವಿಷಯದಲ್ಲಿ ನನಗೆ ನಡುದಾರಿ ಇಲ್ಲ. ಕೇಳಬೇಕಾದ ಫೋಟೋಗಳು ಇವು: ಟಾರ್ಚ್ ಬಿಟ್ಟು ತೆಗೆದ ಒಳನೋಟ, ಮೌಂಟಿನ ಹತ್ತಿರದ ಚಿತ್ರ, ಸೀರಿಯಲ್ ನಂಬರ್, ಮತ್ತು ಅದೇ ಲೆನ್ಸಿನಲ್ಲಿ ಟೆಲಿ ತುದಿಯಲ್ಲಿ ತೆಗೆದ ಮೂಲ ಫೈಲು. ಸೀರಿಯಲ್ ನಂಬರ್ ಕೊಡಲು ಹಿಂಜರಿದರೆ ಕದ್ದ ಮಾಲಿರಬಹುದು.

ಭಾಷೆಯನ್ನೂ ಓದಲು ಕಲಿಯಿರಿ. "ಆಸ್ ಈಸ್" ಅಂದರೆ ಆಮೇಲೆ ನನ್ನನ್ನು ಕೇಳಬೇಡ ಎಂದು. "ಪರೀಕ್ಷಿಸಿಲ್ಲ" ಅಂದರೆ ಹೆಚ್ಚಿನ ಸಲ ಪರೀಕ್ಷಿಸಿ ಕೆಟ್ಟಿರುವುದು ಕಂಡಿದೆ ಎಂದು. "ವಯಸ್ಸಿಗೆ ತಕ್ಕಂತೆ ಇದೆ" ಎಂಬ ಮಾತು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಫಂಗಸ್ಸನ್ನೂ.

ಎಷ್ಟು ಬೆಲೆ ಕೊಡಬಹುದು?

ಕೇಳುವ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ. ಹೊಸದಕ್ಕೂ ಹಳೆಯದಕ್ಕೂ ಕಾಲು ಭಾಗದಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಹೊಸದನ್ನೇ ಕೊಳ್ಳಿ, ವಾರಂಟಿ ಬರುತ್ತದೆ. ಅಡಾಪ್ಟರ್ ಬೇಕಿದ್ದರೆ ಅದರ ಬೆಲೆಯನ್ನೂ ಲೆನ್ಸಿನ ಲೆಕ್ಕಕ್ಕೇ ಸೇರಿಸಿ. ಅಗ್ಗ ಅನ್ನಿಸಿದ್ದು ಅಲ್ಲಿಗೆ ದುಬಾರಿಯಾದದ್ದೂ ಉಂಟು.

ಹೆಸರು ಹೇಳಿ. ಯಾವುದನ್ನು ಹುಡುಕಲಿ?

ಹೆಸರಿನಲ್ಲಿರುವ ಐಎಸ್, ವಿಆರ್, ವಿಸಿ, ಓಎಸ್ ಎಲ್ಲ ಸ್ಟೆಬಿಲೈಸರಿಗೆ ಕಂಪನಿಗಳಿಟ್ಟ ಹೆಸರು, ಎಸ್‌ಟಿಎಂ ಫೋಕಸ್ ಮೋಟರಿನದು. ಕ್ಯಾನನ್ ಕ್ರಾಪ್‌ಗೆ 55-250 ಐಎಸ್ ಎಸ್‌ಟಿಎಂ: 2013ರದ್ದು, ಹಗುರ, ಬೆಲೆಗೆ ಮೀರಿದ ಗುಣ. ಅದರ ಹಿಂದಿನ ಎಸ್‌ಟಿಎಂ ಅಲ್ಲದ ಅವತಾರಗಳೂ ಓಡಾಡುತ್ತಿವೆ, ಹೆಸರು ಪೂರ್ತಿ ಓದಿ. ಫುಲ್ ಫ್ರೇಮ್ ಕನಸಿದ್ದವರಿಗೆ 1999ರ 70-200 ಎಫ್/4; ಝೂಮ್ ಮಾಡಿದರೂ ಉದ್ದವಾಗದ ಕಾರಣ ಸವೆತ ಕಡಿಮೆ. ನಿಕಾನ್‌ನಲ್ಲಿ 2006ರ ಎಎಫ್-ಎಸ್ 70-300 ವಿಆರ್ ಗಟ್ಟಿಗ, 200ರ ನಂತರ ಸ್ವಲ್ಪ ಮೆತ್ತಗಾಗುತ್ತದೆ. ಟ್ಯಾಮ್ರಾನ್‌ನ 2010ರ 70-300 ವಿಸಿ ಕೂಡ ಅದೇ ಸಾಲಿನದು. ಕ್ರಾಪ್ ಬಾಡಿಗೆ ಎಫ್/2.8 ಬೇಕೆನ್ನುವವರಿಗೆ ಟ್ಯಾಮ್ರಾನ್ 17-50, ಸಿಗ್ಮಾ 17-50 ಓಎಸ್. ಸೋನಿ ಎ ಮೌಂಟ್ ಇನ್ನೂ ಇಟ್ಟುಕೊಂಡವರಿಗೆ 1985ರ ಮಿನೋಲ್ಟಾ 70-210 ಎಫ್/4. ಲೋಹದ ಉರುಟು ಮೈ ನೋಡಿ ಅಭಿಮಾನಿಗಳು ಬಿಯರ್‌ಕ್ಯಾನ್ ಎಂದೇ ಕರೆಯುತ್ತಾರೆ.

ಫಿಲ್ಮ್ ಕಾಲದ ಮ್ಯಾನುಯಲ್ ಝೂಮ್ ತೀರಾ ಅಗ್ಗಕ್ಕೆ ಸಿಗುತ್ತಿದೆ.

ಸಿಗುವುದು ಸುಮ್ಮನಲ್ಲ. ಸ್ಟಿಲ್ ಕ್ಯಾಮೆರಾಗೆಂದು ಮಾರುಕಟ್ಟೆಗೆ ಬಂದ ಮೊದಲ 35 ಎಂಎಂ ಝೂಮ್, ಫೋಕ್ಟ್‌ಲೆಂಡರ್ ಝೂಮಾರ್ 36-82, ಹೊರಬಂದದ್ದು 1959ರಲ್ಲಿ. ಅಲ್ಲಿಂದ ಝೂಮ್ ವಿನ್ಯಾಸ ಬಹಳ ದೂರ ಬಂದಿದೆ. ಆ ಕಾಲದ ಪ್ರೈಮ್‌ಗಳು ಇಂದಿಗೂ ಸೊಗಸು, ಝೂಮ್‌ಗಳು ಅಷ್ಟಿಲ್ಲ. ಮಿರರ್‌ಲೆಸ್‌ಗೆ ಅಡಾಪ್ಟರ್ ಹಾಕಿ ಆಡಲು ಅಡ್ಡಿಯಿಲ್ಲ. ಅದೊಂದೇ ಝೂಮ್ ಆಗಬೇಕೆಂದಿದ್ದರೆ ಬೇಡ.

ತಂದ ಮೇಲೆ ಹೇಗೆ ಇಟ್ಟುಕೊಳ್ಳಲಿ?

ಚರ್ಮದ ಚೀಲದಲ್ಲಿ, ಕತ್ತಲೆ ಬೀರುವಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರು ಸಾಕು. ತೇವಾಂಶ ಶೇಕಡಾ 40ರಿಂದ 50ರೊಳಗಿರಲಿ. 60 ದಾಟಿ ಹಾಗೇ ಉಳಿದರೆ ಫಂಗಸ್ಸಿಗೆ ಆಹ್ವಾನ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಬಳಸಿ.

ಹುಡ್ ಇಲ್ಲ, ಕ್ಯಾಪ್ ಇಲ್ಲ, ಬಾಕ್ಸ್ ಇಲ್ಲ. ಪರವಾಗಿಲ್ಲವೇ?

ಬಾಕ್ಸ್ ಫೋಟೋ ತೆಗೆಯುವುದಿಲ್ಲ. ಕ್ಯಾಪ್ ಎಲ್ಲೆಡೆ ಸಿಗುತ್ತದೆ, ಫಿಲ್ಟರ್ ಅಳತೆ 58, 67, 77 ಎಷ್ಟೆಂದು ಮುಂದಿನ ಅಂಚಿನಲ್ಲೇ ಬರೆದಿರುತ್ತದೆ. ಹುಡ್ ಮಾತ್ರ ಕೇಳಿ ಪಡೆಯಿರಿ. ಮೇಜಿನ ಖಾನೆಯಲ್ಲೆಲ್ಲೋ ಬಿದ್ದಿರುತ್ತದೆ, ಹುಡುಕಿಕೊಡಲು ಅವರಿಗೆ ಐದು ನಿಮಿಷ.